ಭಕ್ತಿ ಕಮ್ಮಿ ಆಯ್ತು ಅಂತ ಮಗುಗೆ ಕಾಯಿಲೆ ಬರಲ್ಲ ತಂಗಿ

ಡೊಂಬಿವಲಿಯಿಂದ ಬಂದ ಒಂದು ಪತ್ರ ಓದಿ ಈ ವಾರದ ಬೇರೆ ಪತ್ರಗಳನ್ನೆಲ್ಲ ಪಕ್ಕಕ್ಕೆ ಇಟ್ಟೆ. ಉಡುಪಿ ಕಡೆಯವರು, ಏಳು ವರ್ಷದ ಮಗನಿಗೆ ಎಎಲ್‌ಎಲ್, ಅಂದ್ರೆ ರಕ್ತದ ಕ್ಯಾನ್ಸರ್. ಜೋರು ಕೀಮೋ ಎಲ್ಲ ಮುಗಿದು ಈಗ ಮೇಂಟೆನೆನ್ಸ್, ಅಂದ್ರೆ ಕಾಯಿಲೆ ಮರಳದ ಹಾಗೆ ತಡೆಯೋ ಚಿಕಿತ್ಸೆ ನಡೀತಿದೆ, ಮನೇಲಿ ಮಾತ್ರೆ, ಆಗಾಗ ಲೋಕಲ್ ಟ್ರೇನ್ ಹಿಡಿದು ಪರೇಲ್‌ನ ಆಸ್ಪತ್ರೆಗೆ ಹೋಗಿ ರಕ್ತದ ಕೌಂಟ್ ಚೆಕ್ ಮಾಡಿಸ್ಕೊಂಡು ಬರೋದು. ಊರಿಂದ ಬಂದ ಗಂಡನ ಅಕ್ಕ ಮಗುನೂ ಸೇರಿಸಿ ಎಲ್ಲರನ್ನೂ ಕೂರಿಸ್ಕೊಂಡು ‘ಮಿರಾಕಲ್ಸ್ ಫ್ರಮ್ ಹೆವನ್’ ಸಿನಿಮಾ ಹಾಕಿದ್ರಂತೆ. ಮುಗಿದ ಮೇಲೆ, "ನೋಡು, ನಂಬಿಕೆ ಇದ್ರೆ ಹೀಗೆ ವಾಸಿ ಆಗ್ತದೆ, ನೀನು ಮದುವೆ ಆಗಿ ಬಂದಾಗಿಂದ ನಾಗನಿಗೆ ಒಂದು ತಂಬಿಲದ ಪೂಜೆ ಕೊಡಿಸ್ಲಿಲ್ಲ, ಇನ್ನೇನಾಗ್ತದೆ, ಹದಿನೈದು ದಿನ ಮಾತ್ರೆ ತಪ್ಪಿದ್ರೆ ಏನೂ ಆಗಲ್ಲ, ಊರಿಗೆ ಕರ್ಕೊಂಡು ಬಾ" ಅಂದ್ರಂತೆ. ಇವರ ಪ್ರಶ್ನೆ: ಸಿನಿಮಾ ನೋಡಿ ನನಗೆ ಅಳು ಬರ್ಲಿಲ್ಲ, ಸಿಟ್ಟು ಬಂತು, ನನಗೆ ನಿಜವಾಗ್ಲೂ ಭಕ್ತಿ ಕಮ್ಮಿನಾ ಅಕ್ಕಾ?

ಇಲ್ಲ. ಆದರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಈ ಪ್ರಶ್ನೆ ಅಲ್ಲ. ಪತ್ರದ ಕೊನೇಲಿ "ಅಂದ ಹಾಗೆ" ಅಂತ ಶುರು ಮಾಡಿ ಒಂದೇ ಸಾಲು ಬರ್ದಿದ್ದೀರಿ, ಅವತ್ತು ರಾತ್ರಿ ಮಾತ್ರೆ ಕೊಡುವಾಗ ಮಗ "ಅಮ್ಮಾ, ನಾನೇನು ತಪ್ಪು ಮಾಡಿದ್ದೆ?" ಅಂತ ಕೇಳಿದ, ನಾನು ಸುಮ್ನೆ ಮಲಗು ಅಂದೆ ಅಂತ. ತಂಗೀ, ಪತ್ರ ಪೂರ್ತಿ ಇರಬೇಕಾಗಿದ್ದು ಈ ಸಾಲಿನ ಬಗ್ಗೆ. ಈ ಅಂಕಣದಲ್ಲಿ ಎಷ್ಟೋ ಸಲ ಬರ್ದಿದ್ದೀನಿ, ಮಕ್ಕಳಿಗೆ ಎಲ್ಲಾ ಕೇಳ್ಸುತ್ತೆ, ಆಟ ಆಡ್ತಿದ್ರೂ ಕೇಳ್ಸುತ್ತೆ. ಆ ವಯಸ್ಸಿನ ಮಕ್ಕಳು ಕಾಯಿಲೆ ಬಂದ್ರೆ ಅದು ತಮಗೆ ಸಿಕ್ಕ ಶಿಕ್ಷೆ ಅಂದ್ಕೊಳ್ಳೋದು ಬಹಳ ಸಾಮಾನ್ಯ, ಬಾಯಿಬಿಟ್ಟು ಕೇಳೋ ಮಕ್ಕಳು ಕಮ್ಮಿ. ನಿಮ್ಮ ಮಗ ಕೇಳಿದ್ದಾನೆ.

ಆ ಸಿನಿಮಾನ ನಿಮ್ಮ ಅತ್ತಿಗೆ ಸರಿಯಾಗಿ ನೋಡಿಲ್ಲ ಅಂತ ನನಗನ್ಸುತ್ತೆ. 2016ರದ್ದು ಅದು, ಟೆಕ್ಸಾಸ್‌ನ ಒಂದು ಕುಟುಂಬದ ಕಥೆ. ಹುಡುಗಿಗೆ ಕರುಳಲ್ಲಿ ಊಟ ಮುಂದಕ್ಕೇ ಹೋಗದಂಥ ಕಾಯಿಲೆ. ತಾಯಿ ಪಾತ್ರದ ಜೆನ್ನಿಫರ್ ಗಾರ್ನರ್, ಊರಿನ ಡಾಕ್ಟರ್‌ಗಳು ಏನೂ ಇಲ್ಲ ಅಂದ್ರೂ ಬಿಡದೆ, ಅಪಾಯಿಂಟ್‌ಮೆಂಟೂ ಇಲ್ಲದೆ ಬೋಸ್ಟನ್ ತನಕ ಮಗಳನ್ನ ಕರ್ಕೊಂಡು ಹೋಗ್ತಾಳೆ. ಟೊಳ್ಳು ಮರದೊಳಗೆ 30 ಅಡಿ ಬಿದ್ದು ವಾಸಿಯಾದದ್ದು ಕೊನೇಲಿ, ಅಲ್ಲೀವರೆಗೂ ಇರೋದೆಲ್ಲ ಆಸ್ಪತ್ರೆ ಅಲೆದಾಟವೇ. ಚರ್ಚಿನವರು ಬಂದು ಯಾರದೋ ಪಾಪದಿಂದ ಮಗುಗೆ ಹೀಗಾಗಿರಬಹುದು ಅಂತ ಹೇಳೋ ಸೀನ್ ಇದೆ, ಅದಕ್ಕೆ ನೊಂದು ಆ ತಾಯಿ ಚರ್ಚಿಗೆ ಹೋಗೋದನ್ನೇ ಬಿಡ್ತಾಳೆ, ಸಿನಿಮಾ ಅಲ್ಲಿ ತಾಯಿ ಪರ ನಿಲ್ಲುತ್ತೆ. ಅತ್ತಿಗೆ ಅದನ್ನ ನೋಡಿ ಅದೇ ಮಾತನ್ನ ನಿಮಗೆ ಹೇಳಿದ್ದಾರೆ! ಆಸ್ಪತ್ರೆಲಿ ಅದೇ ರೂಮಲ್ಲಿ ಕ್ಯಾನ್ಸರ್ ಇದ್ದ ಇನ್ನೊಂದು ಹುಡುಗಿ ಇರ್ತಾಳಲ್ಲ, ಅವಳು ಉಳಿಯಲ್ಲ. ಅವಳ ಅಪ್ಪ ಕೊನೇಲಿ ಎದ್ದು ನಿಂತು ಮಾತಾಡ್ತಾನೆ. ಆ ಮಗು ಮಾಡಿದ ಪಾಪ ಏನು ಅಂತ ಅತ್ತಿಗೇನ ಕೇಳಬೇಕು.

ಆದ್ರೂ ಅವರ ಮೇಲೆ ನನಗೆ ಅಷ್ಟು ಕೋಪ ಇಲ್ಲ, ದಿಕ್ಕು ತೋಚದೆ ಹೆದರಿದವರು ನಾಗ ಅಂತಾರೆ, ಹರಕೆ ಅಂತಾರೆ. ನಿಮ್ಮ ಯಜಮಾನ್ರ ಮೇಲಿದೆ. ಅಲ್ಲೇ ಸೋಫಾ ಮೇಲೆ ಮೊಬೈಲ್ ನೋಡ್ಕೊಂಡು ಕೂತಿದ್ರು ಅಂತ ಬರ್ದಿದ್ದೀರಿ. ಹೆಂಡತಿನ ಅಂದ್ರು, ಮಾತ್ರೆ ಬಿಡು ಅಂದ್ರು, ಮಗ ಕೇಳಿಸ್ಕೊಳ್ತಿದ್ದ, ಅವರು ಒಂದು ಮಾತಾಡ್ಲಿಲ್ಲ. ಅಕ್ಕನಿಗೆ ಹೇಳಬೇಕಾದವರು ಅವರು, ನೀವಲ್ಲ.

ದೇವರನ್ನ ನಂಬಿ, ನಾನೂ ನಂಬ್ತೀನಿ. ಬುಧವಾರ ಮಾಹಿಮ್ ಚರ್ಚಿನ ನೊವೆನಾ ಪ್ರಾರ್ಥನೆಗೆ ಎಲ್ಲಾ ಜಾತಿ ಧರ್ಮದೋರೂ ಹರಕೆಯ ಮೇಣದ ಕೈ ಕಾಲು ಹಿಡ್ಕೊಂಡು ನಿಂತಿರ್ತಾರೆ, ಯಾರ ಪಾಪ ಅಂತ ಯಾರೂ ಕೇಳಲ್ಲ. ದಾದರ್‌ನಲ್ಲಿ ಸಂತ ಗಾಡ್ಗೆ ಮಹಾರಾಜರ ಹೆಸರಿನ ಧರ್ಮಶಾಲೆಲಿ ದೂರದೂರದ ಕ್ಯಾನ್ಸರ್ ರೋಗಿಗಳು ಉಳ್ಕೊಳ್ತಾರೆ, ನನಗೆ ಭಕ್ತಿ ಅಂದ್ರೆ ಅದು.

ಮಾತ್ರೆ ಮಾತ್ರ ಒಂದು ದಿನಾನೂ ನೀವಾಗೇ ಬಿಡೋ ಹಾಗಿಲ್ಲ. ಮಗು ಓಡಾಡ್ಕೊಂಡು ಚೆನ್ನಾಗಿದ್ರೂ ಕೆಟ್ಟ ಕಣಗಳು ಒಳಗೆ ಅಡಗಿರಬಹುದು, ಅದಕ್ಕೇ ಈ ಚಿಕಿತ್ಸೆ ಎರಡು ಮೂರು ವರ್ಷ ನಡೆಯೋದು, ಮಧ್ಯ ತಪ್ಪಿಸಿದ್ರೆ ಕಾಯಿಲೆ ಮರುಕಳಿಸೋ ಅಪಾಯ ಹೆಚ್ಚು. ಊರಿಗೆ ಹೋಗೋದಾ ಬೇಡ್ವಾ ಅಂತ ಮುಂದಿನ ಸಲ ಕೌಂಟ್ ನೋಡಿ ಡಾಕ್ಟರ್ ಹೇಳ್ಲಿ, ತಂಬಿಲ ನೀವಿಲ್ಲದೆ ಅತ್ತಿಗೇನೇ ಕೊಡಿಸ್ಲಿ, ನಾಗ ಬೇಡ ಅನ್ನಲ್ಲ.

ನೀವು ಮಾಡಬೇಕಾಗಿದ್ದು ಒಂದೇ. ಇವತ್ತು ರಾತ್ರಿ ಮಾತ್ರೆ ಕೊಡುವಾಗ, ಅವನು ಮತ್ತೆ ಕೇಳ್ಲಿ ಅಂತ ಕಾಯದೆ, ಅಪ್ಪನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿ: "ನೀನೇನೂ ತಪ್ಪು ಮಾಡಿಲ್ಲ ಕಂದಾ, ಅಮ್ಮಾನೂ ಮಾಡಿಲ್ಲ, ಅಪ್ಪಾನೂ ಮಾಡಿಲ್ಲ, ಇದು ಯಾರ ತಪ್ಪಿಂದಲೂ ಬರೋ ಕಾಯಿಲೆ ಅಲ್ಲ, ಅತ್ತೆ ಹೇಳಿದ್ದು ಸರಿಯಲ್ಲ." ಆ ಕೊನೇ ಮಾತನ್ನ ಅಪ್ಪನ ಬಾಯಲ್ಲೇ ಹೇಳಿಸಿ.