ಜೈಲಿನ ಕಂಟ್ರೋಲ್ ರೂಮ್ ಡ್ಯೂಟಿಯಲ್ಲಿ ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು?

ಬಾಗಿಲುಗಳಿಗೆ. ಕ್ಯಾಮೆರಾ ಪರದೆ ಎಷ್ಟೇ ಇರಲಿ, ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

ಜೋಡಿ ಬಾಗಿಲಿನ ದಾರಿಯಲ್ಲಿ ಒಂದಕ್ಕೆ ಬೀಗ ಬಿದ್ದ ಮೇಲಷ್ಟೇ ಇನ್ನೊಂದು ತೆರೆಯಬೇಕು. ಇಂಟರ್‌ಲಾಕ್ ಇರುವುದೇ ಅದಕ್ಕೆ. ಆದರೆ ಪ್ಯಾನೆಲ್‌ನ ಹಸಿರು ದೀಪವನ್ನಷ್ಟೇ ನಂಬಬೇಡಿ. ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂತಿದ್ದರೂ ಬೀಗದ ನಾಲಿಗೆ ಪೂರ್ತಿ ಹೊರಬಂದಿರದೆ ಇರಬಹುದು. ಅದು ಕೂರುವ ತೂತಿಗೆ ಯಾರೋ ಕಾಗದ ತುರುಕಿದ್ದರೆ ಅಷ್ಟೇ ಸಾಕು. ಹಾಗಾಗಿ ಬಾಗಿಲಿಗೊಂದು, ನಾಲಿಗೆಗೊಂದು ಪ್ರತ್ಯೇಕ ಸೆನ್ಸರ್ ಬೇಕು. ಸ್ಥಳದಲ್ಲಿರುವ ಸಿಬ್ಬಂದಿ ಎಳೆದು ನೋಡಿ ರೇಡಿಯೊದಲ್ಲಿ ಖಚಿತಪಡಿಸಬೇಕು. ತೆರೆಯುವ ಮುಂಚೆ ಮುಖ ನೋಡಿ, ಬೆನ್ನ ಹಿಂದೆ ಯಾರಿದ್ದಾರೆಂದೂ ನೋಡಿ. ದನಿ ಗುರುತು ಸಿಕ್ಕಿತೆಂದು ಬಟನ್ ಒತ್ತುವ ಚಾಳಿ ಅಪಾಯಕಾರಿ.

ಒತ್ತೆಯಾಳಾದವರು ಎಷ್ಟೇ ಹಿರಿಯ ಅಧಿಕಾರಿಯಾಗಿರಲಿ, ಅವರ ಆದೇಶಕ್ಕೆ ಆ ಕ್ಷಣದಿಂದ ಬೆಲೆಯಿಲ್ಲ. ಇದು ಲಿಖಿತ ನಿಯಮವಾಗಿರಬೇಕು. ಆ ಹೊತ್ತಿನಲ್ಲಿ ಯೋಚಿಸುತ್ತ ಕೂರಲಾಗದು.

ಕೀಲಿ ಗೊಂಚಲು ಕೊಟ್ಟಾಗ ಅದರ ಕೊಕ್ಕೆಗೆ ಪಡೆದವರ ಟೋಕನ್ ನೇತುಹಾಕಿ. ಎರಡೂ ಇಲ್ಲದ ಖಾಲಿ ಕೊಕ್ಕೆ ಕಂಡರೆ ತಕ್ಷಣ ಹುಡುಕಾಟ ಶುರು. ಶಿಫ್ಟ್ ಬದಲಾಗುವಾಗ ಗೊಂಚಲು, ರೇಡಿಯೊ, ಬಂದಿಗಳ ಲೆಕ್ಕವನ್ನು ಇಬ್ಬರೂ ಸೇರಿ ಪರಿಶೀಲಿಸಿ, ಆಮೇಲೆ ಸಹಿ ಹಾಕಿ.

ಕರೆಂಟ್ ಹೋದಾಗ ಜನರೇಟರ್ ಹತ್ತಿಕೊಳ್ಳುವವರೆಗೂ ಪ್ಯಾನೆಲ್ ಯುಪಿಎಸ್ ಮೇಲೆಯೇ ನಿಲ್ಲಬೇಕು. ಅದನ್ನು ನಿಜವಾದ ಲೋಡ್ ಕೊಟ್ಟೇ ಪರೀಕ್ಷಿಸಿ.

ಪದೇಪದೇ ಸುಳ್ಳು ಅಲಾರಂ ಕೊಡುವ ಸೆನ್ಸರನ್ನು ಮ್ಯೂಟ್ ಮಾಡಿ ಬಿಡಬೇಡಿ. ಅಂದೇ ರಿಪೇರಿಗೆ ಬರೆಯಿರಿ, ಸರಿಯಾಗುವವರೆಗೆ ಅಲ್ಲೊಬ್ಬ ಕಾವಲುಗಾರ ಇರಲಿ.