ಮೋರಿ ಲೆಕ್ಕ ಬರೆಯೋಕೆ ಬಿ.ಇ. ಬೇಕಾ?

ಹೊಸನಗರ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಅವರ ಮಗಳು ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮುಗಿಸಿ, ಶಿವಮೊಗ್ಗದ ಒಂದು ಕಚೇರಿಯಲ್ಲಿ ಹೊರಗುತ್ತಿಗೆ ಕೆಲಸಕ್ಕೆ ಸೇರಿದ್ದಾಳೆ. ರಸ್ತೆ, ಸೇತುವೆ, ರಸ್ತೆಯಡಿ ನೀರು ಹಾಯುವ ಮೋರಿಗಳ ವಿವರವನ್ನು ಕಂಪ್ಯೂಟರಿಗೆ ಹತ್ತಿಸುವುದು, ನಕ್ಷೆಯಲ್ಲಿ ಗುರುತು ಮಾಡುವುದು ಅವಳ ಕೆಲಸ. ಮೇಷ್ಟ್ರು ಕೇಳಿದ್ದು ಎರಡು ಪ್ರಶ್ನೆ. “ಇದನ್ನು ಐಟಿ ಕೆಲಸ ಅಂತಾರಾ, ಇಲ್ಲ ಗುಮಾಸ್ತಿಕೆಯಾ? ಮೋರಿ ಎಲ್ಲಿದೆ ಅಂತ ಇಂಜಿನಿಯರಿಗೆ ಗೊತ್ತಿರುವಾಗ ಅದಕ್ಕೊಂದು ಸಾಫ್ಟ್‌ವೇರ್ ಯಾಕೆ?”

ಮೇಷ್ಟ್ರೇ, ನಮಸ್ಕಾರ.

ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ಬಗೆಹರಿದರೆ ಮೊದಲನೆಯದು ಸಲೀಸು.

ಇಂಜಿನಿಯರಿಗೆ ಗೊತ್ತು, ಒಪ್ಪಿದೆ. ಆದರೆ ಯಾವ ಇಂಜಿನಿಯರಿಗೆ? ಅದೇ ಸೆಕ್ಷನ್‌ನಲ್ಲಿ ಎರಡು ಮೂರು ಮಳೆಗಾಲ ಕಳೆದ ಜೆಇಗೆ, ಅಂದರೆ ಜೂನಿಯರ್ ಇಂಜಿನಿಯರಿಗೆ ಗೊತ್ತು. ಅವರಿಗೆ ವರ್ಗ ಆದ ದಿನ ನಿಮ್ಮೂರ ಮೋರಿಗೂ ವರ್ಗ ಆಯಿತು ಅಂದುಕೊಳ್ಳಿ. ಪಂಚಾಯ್ತಿಯಲ್ಲೂ ಇದೇ ಕತೆ. ಪೈಪ್‌ಲೈನ್ ಎಲ್ಲಿ ತಿರುಗಿದೆ, ವಾಲ್ವ್ ಯಾವ ಬೇಲಿಯ ಬುಡದಲ್ಲಿದೆ ಅನ್ನುವುದು ನೀರುಗಂಟಿಗೆ ಮಾತ್ರ ಗೊತ್ತು. ಅವರು ನಿವೃತ್ತರಾದ ಮೇಲೆ ಹೊಸಬರು ಗುದ್ದಲಿ ಹಿಡಿದು ಹುಡುಕಬೇಕು. ಹಾಗಂತ ಕಡತ ಇಲ್ಲವೇ? ಇದೆ. ಎಂ.ಬಿ. ಅನ್ನುವ ಅಳತೆ ಪುಸ್ತಕದಲ್ಲಿ ಅಳತೆ ಇದೆ, ಬಿಲ್ಲು ಇದೆ, ಸಹಿ ಇದೆ. ಕಟ್ಟಿದ್ದಕ್ಕೆ ಎಷ್ಟು ದುಡ್ಡು ಕೊಟ್ಟೆವು ಎಂಬುದಕ್ಕೆ ಪಕ್ಕಾ ದಾಖಲೆ ಸಿಗುತ್ತದೆ. ಕಟ್ಟಿದ್ದು ಈಗ ಹೇಗಿದೆ ಎಂದು ಕೇಳಿ ನೋಡಿ, ಉತ್ತರ ಹೇಳುವ ಕಾಗದ ಸಿಗುವುದು ಕಷ್ಟ.

ಒಂದೇ ಒಂದು ಮೋರಿ ತಗೊಳ್ಳೋಣ. ಅದು ಯಾವ ರಸ್ತೆಯಲ್ಲಿದೆ, ರಸ್ತೆ ಶುರುವಾದ ಜಾಗದಿಂದ ಎಷ್ಟು ದೂರ, ಅಂದರೆ ಚೈನೇಜ್ ಎಷ್ಟು? ಹ್ಯೂಮ್ ಪೈಪೋ (ಕಾಂಕ್ರೀಟ್ ಕೊಳವೆ), ಹಳೇ ಕಾಲದ ಕಲ್ಲು ಚಪ್ಪಡಿಯೋ? ಪೈಪಾದರೆ ಎಷ್ಟು ಸಾಲು, ಎಷ್ಟು ಅಗಲ? ಪೈಪಿನ ಬಾಯಿಯ ಗೋಡೆ, ಅಂದರೆ ಹೆಡ್‌ವಾಲ್ ಬಿರುಕು ಬಿಟ್ಟಿದೆಯಾ? ಬಾಯಿಗೆ ಹೂಳು, ಅಡಿಕೆ ಹಾಳೆ, ಪ್ಲಾಸ್ಟಿಕ್ ಸಿಕ್ಕಿಕೊಂಡಿದೆಯಾ? ಕೊನೆಗೆ ನೋಡಿದ್ದು ಯಾವತ್ತು, ನೋಡಿದ್ದು ಯಾರು? ಜೊತೆಗೆ ಫೋಟೊ. ಇಷ್ಟನ್ನು ತುಂಬುವುದು ಗುಮಾಸ್ತಿಕೆ ಅಂತ ನೀವು ಹೇಳಿದರೆ ನಾನು ಜಗಳಕ್ಕೆ ಬರುವುದಿಲ್ಲ.

ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಅದೇ ಮೋರಿ ಪಂಚಾಯ್ತಿ ಪುಸ್ತಕದಲ್ಲಿ ‘ದೊಡ್ಡಮನೆ ಹತ್ತಿರದ ಮೋರಿ’ ಅಂತ ಇರುತ್ತದೆ. ಇಲಾಖೆಯ ಪಟ್ಟಿಯಲ್ಲಿ ಬರೀ ಚೈನೇಜ್. ಹೂಳು ತೆಗೆಸಿದ್ದು ಉದ್ಯೋಗ ಖಾತ್ರಿಯಲ್ಲಾದರೆ ಅಲ್ಲಿ ಮೂರನೇ ನಂಬರು, ಮೂರನೇ ಫೋಟೊ. ಕಂಪ್ಯೂಟರಿನ ಪಾಲಿಗೆ ಇವು ಮೂರು ಮೋರಿಗಳು. ನಮ್ಮ ಚಂದಾದಾರರ ಪಟ್ಟಿಯಲ್ಲೂ ಒಬ್ಬರೇ ಮೂರು ವಿಳಾಸದಲ್ಲಿ ಕೂತಿರುವುದುಂಟು, ಪತ್ರಿಕೆ ಮಾತ್ರ ಒಂದಕ್ಕೂ ಸರಿಯಾಗಿ ತಲುಪಿರುವುದಿಲ್ಲ. ಮೂರನ್ನೂ ತಾಳೆ ನೋಡಿ, ಇದು ಒಂದೇ ಅಂತ ತೀರ್ಮಾನಿಸಿ, ಅದಕ್ಕೆ ಇನ್ನು ಬದಲಾಗದ ಒಂದು ನಂಬರು ಕೊಡುವುದಿದೆಯಲ್ಲ, ಅದಕ್ಕೆ ತಲೆ ಬೇಕು.

ತಾಪತ್ರಯ ಅಷ್ಟಕ್ಕೇ ಮುಗಿಯುವುದಿಲ್ಲ. ಹಳೆಯ ಪಟ್ಟಿಗಳು ನುಡಿ ಫಾಂಟಿನಲ್ಲಿ ಟೈಪಾಗಿವೆ. ಯುನಿಕೋಡ್ ಬಳಸುವ ಹೊಸ ವ್ಯವಸ್ಥೆಗೆ ಹಾಗೇ ತುಂಬಿದರೆ ಊರ ಹೆಸರೆಲ್ಲ ಅರ್ಥವಾಗದ ಅಕ್ಷರಗಳ ರಾಶಿ. ಜಿಲ್ಲೆಯ ಹೆಸರು ಇಂಗ್ಲಿಷಿನಲ್ಲಿ ಅಧಿಕೃತವಾಗಿ ‘ಶಿವಮೊಗ್ಗ’ ಆಗಿದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ದಾಖಲೆಗಳಲ್ಲಿ ‘ಶಿಮೊಗ’. ಹೆಸರನ್ನು ನಂಬಿ ಹುಡುಕಿದರೆ ಅರ್ಧ ಜಿಲ್ಲೆ ಕಾಣೆ. ಅದಕ್ಕೇ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಹಳ್ಳಿಗೂ ಒಂದು ಕೋಡ್ ಇದೆ. ಅದನ್ನು ಹಿಡಿದು ಜೋಡಿಸಬೇಕು. ಇನ್ನು ನಮ್ಮ ಮಲೆನಾಡಿನ ಮರಗಳ ಕೆಳಗೆ, ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಪಕ್ಕ ನಿಂತರೆ ಫೋನಿನ ಜಿಪಿಎಸ್ ಆಚೀಚೆ ಸರಿಯುವುದು ಮಾಮೂಲು. ಮೋರಿ ನಕ್ಷೆಯಲ್ಲಿ ಯಾರದೋ ತೋಟದ ನಡುವೆ ಹೋಗಿ ಕೂರುತ್ತದೆ. ನೆಟ್‌ವರ್ಕ್ ವಿಚಾರ ನಿಮಗೆ ನಾನು ಹೇಳಬೇಕಾ? ಬಿದನೂರು ನಗರದ ಕಡೆ, ಆಗುಂಬೆ ಕಡೆ ಹೋದವರು ಫೋನಿನಲ್ಲೇ ವಿವರ ಉಳಿಸಿಕೊಂಡು, ಸಿಗ್ನಲ್ ಸಿಕ್ಕ ಕಡೆ ಕಳಿಸುವ ಹಾಗಿರಬೇಕು. ಬೆಂಗಳೂರಿನ ಆಫೀಸಿನಲ್ಲಿ ಕೂತು ಆ್ಯಪ್ ಮಾಡುವವರಿಗೆ ಇದು ಹೊಳೆಯುವುದು ಕಡಿಮೆ. ನಿಮ್ಮ ಮಗಳಿಗೆ ಹೇಳಿಕೊಡುವುದೇ ಬೇಡ.

ಇದರಿಂದ ಉಪಯೋಗ? ಮೇ ತಿಂಗಳಲ್ಲಿ ನೋಡಿ. ಪಟ್ಟಿ ಸರಿಯಿದ್ದರೆ, ಬಾಯಿ ಮುಚ್ಚಿರುವ, ಮೇಲೆ ಗುಡ್ಡವಿರುವ, ಶಾಲೆ ಬಸ್ಸು ಓಡಾಡುವ ರಸ್ತೆಯ ಮೋರಿಗಳನ್ನಷ್ಟೇ ಕೂತಲ್ಲೇ ಹೆಕ್ಕಿ ತೆಗೆಯಬಹುದು. ಹೂಳು ತೆಗೆಯುವುದು ನಾಲ್ಕಾಳಿನ ಕೆಲಸ. ಹಾಗೇ ಬಿಟ್ಟರೆ ಜುಲೈನಲ್ಲಿ ನೀರು ರಸ್ತೆ ಮೇಲೆ ಹರಿಯುತ್ತದೆ, ಕೆಳಗಿನ ಅಂಚು ಕೊರೆಯುತ್ತದೆ, ಒಂದು ಬೆಳಿಗ್ಗೆ ಧರೆ ಸಮೇತ ರಸ್ತೆ ಹಳ್ಳದಲ್ಲಿರುತ್ತದೆ. ಆಮೇಲೆ ಎಸ್ಟಿಮೇಟು, ಟೆಂಡರು, ಮುಂದಿನ ಬೇಸಿಗೆ.

ಸೇತುವೆಗಳ ವಿಷಯ ಇನ್ನೂ ಗಂಭೀರ. 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಕೊಚ್ಚಿಹೋಯಿತು, ಬಸ್ಸುಗಳೂ ಹೋದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಹೆದ್ದಾರಿ ಸಚಿವಾಲಯ ದೇಶದ ಸೇತುವೆಗಳಿಗೆಲ್ಲ ಒಂದೊಂದು ಗುರುತಿನ ಸಂಖ್ಯೆ, ಗಟ್ಟಿತನಕ್ಕೆ ಒಂದು ಅಂಕ ಕೊಡುವ ಸೇತುವೆ ನಿರ್ವಹಣಾ ವ್ಯವಸ್ಥೆಯನ್ನು ಶುರು ಮಾಡಿತು. ನಮ್ಮ ತುಂಗೆ, ಭದ್ರೆ ಕೂಡ್ಲಿಯಲ್ಲಿ ಸೇರಿ ಕೆಳಗೆ ಹೋಗುತ್ತವಲ್ಲ, ಆ ನೀರು ನಿಲ್ಲುವ ತುಂಗಭದ್ರಾ ಜಲಾಶಯದ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಕೊಚ್ಚಿಹೋಗಿದ್ದು ನಿಮಗೆ ನೆನಪಿದೆ. ಅಣೆಕಟ್ಟುಗಳ ಆರೋಗ್ಯ ಬರೆದಿಡಲು ‘ಧರ್ಮ’ ಎಂಬ ತಂತ್ರಾಂಶವೇ ಇದೆ. ಆದರೆ ತಂತ್ರಾಂಶ ತಾನಾಗಿ ಹೋಗಿ ಚೈನ್ ಮುಟ್ಟಿ ನೋಡುವುದಿಲ್ಲ. ಯಾರೋ ನೋಡಬೇಕು, ನೋಡಿದ್ದನ್ನು ಇದ್ದ ಹಾಗೆ ಬರೆಯಬೇಕು, ಬರೆದದ್ದು ದುಡ್ಡು ಮಂಜೂರು ಮಾಡುವವರ ಮೇಜಿಗೆ ಹೋಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ದಂಡ.

2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆಯಿತು. ಲಾಂಚ್‌ಗೆ ಕಾಯುತ್ತಿದ್ದ ಜನ ಈಗ ಎರಡೂಕಾಲು ಕಿಲೋಮೀಟರಿಗಿಂತ ಜಾಸ್ತಿ ಉದ್ದದ ಸೇತುವೆ ದಾಟುತ್ತಾರೆ. ಎಲ್ಲರೂ ಸೆಲ್ಫಿ ತೆಗೆದುಕೊಂಡೆವು, ತಪ್ಪಲ್ಲ. ಆದರೆ ಕೇಬಲ್ ಬಿಗಿದ ಆ ಸೇತುವೆಯ ಒಂದೊಂದು ಕೇಬಲ್ಲು, ಬೇರಿಂಗು, ಜಾಯಿಂಟು ಮೊದಲ ದಿನ ಹೇಗಿತ್ತು ಅನ್ನುವುದು ದಾಖಲೆಯಲ್ಲಿರಬೇಕು. ಇಪ್ಪತ್ತು ವರ್ಷದ ನಂತರ ಬರುವವರು ಹೋಲಿಸಿ ನೋಡುವುದು ಅದರ ಜೊತೆಗೇ.

ಈಗ ನಿಮ್ಮ ಮೊದಲ ಪ್ರಶ್ನೆ. ಹೌದು, ಐಟಿ ಕೆಲಸವೇ. ಜಗತ್ತಿನಲ್ಲಿ ಇದನ್ನು ಆಸ್ತಿ ನಿರ್ವಹಣೆ ಅನ್ನುತ್ತಾರೆ. ಐಎಸ್ಒ 55000 ಅಂತ ಅಂತಾರಾಷ್ಟ್ರೀಯ ಮಾನದಂಡವೂ 2014ರಲ್ಲೇ ಬಂದಿದೆ. ನಕ್ಷೆ ಮಾಡುವವರು, ಡೇಟಾಬೇಸ್ ಕಾಯುವವರು, ಖಜಾನೆಯ ಲೆಕ್ಕಕ್ಕೂ ಆಸ್ತಿಯ ಪಟ್ಟಿಗೂ ಕೊಂಡಿ ಹಾಕುವವರು, ವಿದ್ಯುತ್ ಸ್ಥಾವರ ಮತ್ತು ನೀರು ಸರಬರಾಜಿನಲ್ಲಿ ಯಂತ್ರಗಳನ್ನು ದೂರದಿಂದಲೇ ಗಮನಿಸಿ ನಡೆಸುವ ಸ್ಕಾಡಾ ನೋಡುವವರು, ಫೀಲ್ಡಿನಿಂದ ‘ಆ್ಯಪ್ ತೆರೀತಿಲ್ಲ ಮೇಡಂ’ ಅಂತ ಫೋನ್ ಬಂದಾಗ ತಾಳ್ಮೆಯಿಂದ ಉತ್ತರಿಸುವವರು, ಎಲ್ಲರೂ ಇದರಲ್ಲಿ ಬರುತ್ತಾರೆ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಂತೂ ಐದು ವರ್ಷದ ನಿರ್ವಹಣೆಯ ಬಿಲ್ಲು ಇ-ಮಾರ್ಗ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕವೇ ಆಗಬೇಕು. ಜೆಇ ರಸ್ತೆಗೆ ಹೋಗಿ, ಜಾಗದ ಗುರುತಿರುವ ಫೋಟೊ ತೆಗೆದು, ಅಂಕ ಕೊಟ್ಟ ಮೇಲಷ್ಟೇ ಗುತ್ತಿಗೆದಾರರಿಗೆ ದುಡ್ಡು. ದಾಖಲೆಗೂ ದುಡ್ಡಿಗೂ ಗಂಟು ಹಾಕಿದ್ದು ನನ್ನ ಪ್ರಕಾರ ತುಂಬಾ ಒಳ್ಳೆಯ ಕೆಲಸ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಆ್ಯಪ್ ಮಾಡಿಸುವುದಕ್ಕೆ ದುಡ್ಡಿದೆ, ಉದ್ಘಾಟನೆಗೆ ದುಡ್ಡಿದೆ, ಡ್ಯಾಶ್‌ಬೋರ್ಡಿಗೆ ದೊಡ್ಡ ಟಿವಿ ಇದೆ. ಪಟ್ಟಿಯನ್ನು ವರ್ಷ ವರ್ಷ ಸರಿಯಾಗಿಡುವ ಹುಡುಗಿಗೆ ಮಾತ್ರ ಹನ್ನೊಂದು ತಿಂಗಳ ಕರಾರು. ಏಜೆನ್ಸಿ ಬದಲಾದರೆ ಪಾಸ್‌ವರ್ಡ್ ಸಮೇತ ಎಲ್ಲ ಹೋಯಿತು. ಜೆಇಯ ತಲೆಯಿಂದ ಕಂಪ್ಯೂಟರಿಗೆ ಬಂದದ್ದು ಮತ್ತೆ ಇನ್ನೊಬ್ಬರ ತಲೆಗೆ ಸೇರಿಕೊಂಡ ಹಾಗಾಯಿತು, ಅಲ್ವಾ? ಜಿಲ್ಲೆಗೊಂದು ಕಾಯಂ ಹುದ್ದೆಯಾದರೂ ಬೇಡವೇ?

ಮಗಳಿಗೆ ಹೇಳಿ. ಸುಮ್ನೆ ಟೈಪ್ ಮಾಡುತ್ತಾ ಕೂರುವುದು ಬೇಡ. ನಕ್ಷೆ ಮಾಡುವ ಕ್ಯುಜಿಐಎಸ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಡೇಟಾಬೇಸಿನ ಭಾಷೆ ಎಸ್‌ಕ್ಯುಎಲ್ ಅವಳಿಗೆ ಗೊತ್ತೇ ಇರುತ್ತದೆ. ಎರಡರಲ್ಲೂ ಕೈ ಪಳಗಲಿ. ಮಳೆಗಾಲದಲ್ಲಿ ಒಂದೆರಡು ಸಲ ಜೆಇ ಜೊತೆ, ಗ್ಯಾಂಗ್‌ಮನ್ ಜೊತೆ ಫೀಲ್ಡಿಗೆ ಹೋಗಲಿ. ನೀರುಗಂಟಿಯನ್ನು ಕೇಳದೆ ಬರೆದ ಪೈಪ್‌ಲೈನ್ ನಕ್ಷೆ ನಂಬಬೇಡ ಅನ್ನಿ. ಬೆಂಗಳೂರಿಗೆ ಹೋಗಬೇಕೋ ಬೇಡವೋ ಅವಳಿಷ್ಟ. ಈ ಕೆಲಸ ಕಲಿತವರನ್ನು ವಿದ್ಯುತ್ ಕಂಪನಿ, ರೈಲ್ವೆ, ನೀರಿನ ಮಂಡಳಿಗಳೂ ಕೇಳುತ್ತವೆ.

ಇನ್ನೊಂದು ಮಾತು. ಕರಾರು ಮುಗಿದಾಗ ಕೊಡುವ ಅನುಭವ ಪತ್ರದಲ್ಲಿ ‘ಡೇಟಾ ಎಂಟ್ರಿ ಆಪರೇಟರ್’ ಅಂತ ಒಂದೇ ಸಾಲು ಹಾಕಿ ಕಳಿಸುವುದು ವಾಡಿಕೆ. ಅದಕ್ಕೆ ಒಪ್ಪಬಾರದು. ಯಾವ ತಾಲ್ಲೂಕಿನ ಎಷ್ಟು ಸೇತುವೆ, ಮೋರಿಗಳ ದಾಖಲೆ ಸರಿಪಡಿಸಿದಳು, ನಕ್ಷೆ ಯಾವುದರಲ್ಲಿ ಮಾಡಿದಳು ಅಂತ ವಿವರವಾಗಿ ಬರೆಸಿಕೊಂಡು, ಮೇಲಧಿಕಾರಿಯ ಸಹಿ, ಸೀಲು ಹಾಕಿಸಿಕೊಳ್ಳಲಿ. ಕೆಲಸದಲ್ಲಿರುವಾಗಲೇ ಕೇಳಬೇಕು, ಬಿಟ್ಟ ಮೇಲೆ ಯಾರೂ ಕೊಡುವುದಿಲ್ಲ.

— ಸಂಪಾದಕ