ಡ್ರೈವರ್ ತಪ್ಪೋ, ಕೇಬಲ್ ತಪ್ಪೋ?

ಪ್ರಶ್ನೆ: ವಿಂಡೋಸ್ ಎಕ್ಸ್‌ಪಿ ಇರುವ ನನ್ನ ಹಳೇ ಡೆಸ್ಕ್‌ಟಾಪ್ ಈಚೆಗೆ ವಿಪರೀತ ನಿಧಾನ. ಫೈಲ್ ಕಾಪಿ ಮಾಡುವಾಗ ಮೌಸ್ ಕೂಡ ತಡವರಿಸುತ್ತದೆ. ವೈರಸ್ ಇಲ್ಲ. ಡಿಸ್ಕ್ ಕಂಟ್ರೋಲರ್ (ಡಿಸ್ಕನ್ನು ನಿಯಂತ್ರಿಸುವ ಚಿಪ್) ಡ್ರೈವರ್ ಹೊಸದಾಗಿ ಹಾಕಿದರೂ ಪ್ರಯೋಜನವಾಗಲಿಲ್ಲ.

ಉತ್ತರ: ಮೌಸ್ ತಡವರಿಸುತ್ತದೆ ಎಂದಿದ್ದೀರಲ್ಲ, ಸುಳಿವು ಅಲ್ಲೇ ಇದೆ. ಡಿಸ್ಕ್ ಡೇಟಾ ಸಾಗಿಸುವ ವೇಗದ ವಿಧಾನವಾದ ಡಿಎಂಎ ಬಿಟ್ಟು ನಿಧಾನದ ಪಿಐಒ ಮೋಡ್‌ಗೆ ಇಳಿದಿರುವ ಸಂಭವ ಹೆಚ್ಚು. ಡಿಎಂಎಯಲ್ಲಿ ಡೇಟಾ ಡಿಸ್ಕ್‌ನಿಂದ ನೇರವಾಗಿ ಮೆಮೊರಿಗೆ ಹೋಗುತ್ತದೆ. ಪಿಐಒದಲ್ಲಿ ಆ ಹೊರೆಯನ್ನೆಲ್ಲ ಪ್ರೊಸೆಸರ್ ಹೊರಬೇಕು, ಮೌಸ್ ಕಡೆ ನೋಡಲೂ ಅದಕ್ಕೆ ಪುರುಸೊತ್ತಿರುವುದಿಲ್ಲ. ಪಿಐಒ ಮೋಡ್ 4ರ ಗರಿಷ್ಠ ವೇಗ ಸೆಕೆಂಡಿಗೆ 16.6 ಎಂಬಿ, ಅಲ್ಟ್ರಾ ಡಿಎಂಎ ಮೋಡ್ 5ರದ್ದು 100 ಎಂಬಿ.

ಡಿವೈಸ್ ಮ್ಯಾನೇಜರ್ ತೆರೆದು, ಐಡಿಇ (ಹಳೇ ಡಿಸ್ಕ್‌ಗಳ ಪಟ್ಟಿ ಕೇಬಲ್ ಜೋಡಣೆ) ಕಂಟ್ರೋಲರ್‌ಗಳ ಕೆಳಗಿರುವ 'ಪ್ರೈಮರಿ ಐಡಿಇ ಚಾನೆಲ್' ಮೇಲೆ ಡಬಲ್ ಕ್ಲಿಕ್ ಮಾಡಿ. 'ಅಡ್ವಾನ್ಸ್ಡ್ ಸೆಟ್ಟಿಂಗ್ಸ್'ನಲ್ಲಿ 'ಕರೆಂಟ್ ಟ್ರಾನ್ಸ್‌ಫರ್ ಮೋಡ್' ಎದುರು ಪಿಐಒ ಎಂದಿದ್ದರೆ ಊಹೆ ನಿಜ. ಡೇಟಾ ಬರುವಾಗ ಸಿಆರ್‌ಸಿ ದೋಷ (ದಾರಿಯಲ್ಲಿ ಡೇಟಾ ಕೆಟ್ಟಿದೆ ಎಂದು ಪರೀಕ್ಷೆಯಲ್ಲಿ ತಿಳಿಯುವುದು) ಅಥವಾ ಟೈಮ್‌ಔಟ್ (ಸಮಯಕ್ಕೆ ಉತ್ತರ ಬಾರದಿರುವುದು) ಆದರೆ ಎಕ್ಸ್‌ಪಿ ಲೆಕ್ಕ ಇಡುತ್ತದೆ. ಆರು ಸಲ ಆದ ಮೇಲೆ ಒಂದು ಮೆಟ್ಟಿಲು ಇಳಿಸುತ್ತದೆ, ಹೀಗೆ ಇಳಿಯುತ್ತ ಕೊನೆಗೆ ಪಿಐಒ. ದೋಷದ ಮೂಲ ಹಾಗೇ ಇದ್ದರೆ ಎಷ್ಟು ಡ್ರೈವರ್ ಹಾಕಿದರೂ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಆ ಮೂಲ ಬಹಳ ಸಲ ಕೇಬಲ್. ಮೊದಲು ಬೇಕಾದ ಫೈಲುಗಳನ್ನು ಬೇರೆಡೆ ಕಾಪಿ ಮಾಡಿಕೊಳ್ಳಿ, ಆಮೇಲೆ ಪವರ್ ಪ್ಲಗ್ ಕಿತ್ತು ಪೆಟ್ಟಿಗೆ ತೆರೆಯಿರಿ. ಅಗಲವಾದ ಪಟ್ಟಿ ಕೇಬಲನ್ನು ಬೆಳಕಿಗೆ ಹಿಡಿದು ನೋಡಿ. ಗೆರೆಗಳು ದಪ್ಪವಾಗಿ, ಬೆರಳಿಗೆ ಒರಟಾಗಿದ್ದರೆ ಅದು 40 ತಂತಿಯದು. ಕೂದಲಿನಷ್ಟು ಸಣ್ಣ ಗೆರೆಗಳಿದ್ದರೆ 80 ತಂತಿಯದು. ಎರಡರ ಕನೆಕ್ಟರ್ ಒಂದೇ ಅಳತೆ, ಹಾಗಾಗಿಯೇ ಮೋಸ ಹೋಗುವುದು. ಹೆಚ್ಚುವರಿ 40 ತಂತಿಗಳು ಗ್ರೌಂಡ್, ಪಕ್ಕದ ತಂತಿಯ ಗದ್ದಲವನ್ನು ತಡೆಯುತ್ತವೆ. ಸೆಕೆಂಡಿಗೆ 33 ಎಂಬಿ ಮೀರಿದ ವೇಗಕ್ಕೆ 80 ತಂತಿಯದೇ ಬೇಕು. ಅದರ ನೀಲಿ ತುದಿ ಮದರ್‌ಬೋರ್ಡ್‌ಗೆ, ಕಪ್ಪು ತುದಿ ಮಾಸ್ಟರ್‌ಗೆ (ಮೊದಲ ಡಿಸ್ಕ್), ನಡುವಿನ ಬೂದು ಸ್ಲೇವ್‌ಗೆ (ಎರಡನೆಯದು). ಉದ್ದ 18 ಇಂಚು ಮೀರಬಾರದು. ಮಡಿಚಿದ ಗುರುತು, ಸಡಿಲ ಕನೆಕ್ಟರ್ ಕಂಡರೆ ಯೋಚಿಸದೆ ಬದಲಿಸಿ.

ಕೇಬಲ್ ಸರಿಯಾದ ಮೇಲೆ ಅದೇ 'ಪ್ರೈಮರಿ ಐಡಿಇ ಚಾನೆಲ್' ಮೇಲೆ ರೈಟ್ ಕ್ಲಿಕ್ ಮಾಡಿ 'ಅನ್‌ಇನ್‌ಸ್ಟಾಲ್' ಕೊಟ್ಟು ರೀಸ್ಟಾರ್ಟ್ ಮಾಡಿ. ವಿಂಡೋಸ್ ಅದನ್ನು ತಾನೇ ಹುಡುಕಿಕೊಂಡು ಲೆಕ್ಕವನ್ನು ಸೊನ್ನೆಯಿಂದ ಶುರುಮಾಡುತ್ತದೆ. ಕೆಲವು ದಿನದಲ್ಲಿ ಮತ್ತೆ ಇಳಿದರೆ ಡಿಸ್ಕ್‌ನ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ: 199ನೇ ಅಂಶ (ಸಿಆರ್‌ಸಿ ದೋಷಗಳ ಲೆಕ್ಕ) ಏರುತ್ತಲೇ ಇದ್ದರೆ ಇನ್ನೂ ಕೇಬಲ್ ಅಥವಾ ಕನೆಕ್ಟರ್ ದೋಷ, 5 ಮತ್ತು 197 (ಡಿಸ್ಕ್‌ನಲ್ಲಿ ಕೆಟ್ಟ ಜಾಗಗಳ ಲೆಕ್ಕ) ಏರುತ್ತಿದ್ದರೆ ಡಿಸ್ಕೇ ಹೋಗುತ್ತಿದೆ, ರಿಪೇರಿಗೆ ಸಮಯ ಕಳೆಯಬೇಡಿ.

ಪ್ರಶ್ನೆ: ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ, ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ಸಾಟಾ (ಸಣ್ಣ ಕೇಬಲ್‌ನ ಹೊಸ ಬಗೆಯ ಡಿಸ್ಕ್ ಜೋಡಣೆ) ಮೋಡನ್ನು ಐಡಿಇಯಿಂದ, ಸಾಟಾಗೆಂದೇ ಇರುವ ಎಎಚ್‌ಸಿಐಗೆ ಬದಲಿಸಿದೆ. ಎಕ್ಸ್‌ಪಿ ಏಳುತ್ತಲೇ ಇಲ್ಲ, 7ಬಿ ಎಂದು ಮುಗಿಯುವ ಸಂಖ್ಯೆಯ ನೀಲಿ ಪರದೆ ಬರುತ್ತದೆ. ಡೇಟಾ ಹೋಯಿತೇ?

ಉತ್ತರ: ಹೋಗಿಲ್ಲ. ಮೋಡನ್ನು ಮತ್ತೆ ಐಡಿಇಗೆ ತನ್ನಿ, ಮೊದಲಿನಂತೆ ಏಳುತ್ತದೆ. ಎಕ್ಸ್‌ಪಿಯಲ್ಲಿ ಎಎಚ್‌ಸಿಐ ಡ್ರೈವರ್ ಇಲ್ಲವೇ ಇಲ್ಲ, ಹಾಗಾಗಿ ಬೂಟ್ ನಡುವೆ ತಾನಿರುವ ಡಿಸ್ಕೇ ಅದಕ್ಕೆ ಕಾಣದಾಗುತ್ತದೆ. ಹೊಸದಾಗಿ ಇನ್‌ಸ್ಟಾಲ್ ಮಾಡುವವರಿಗೂ ಇದೇ ಕಾರಣಕ್ಕೆ 'ಹಾರ್ಡ್ ಡಿಸ್ಕ್ ಸಿಗಲಿಲ್ಲ' ಎಂಬ ಸಂದೇಶ ಬರುವುದು. ಅಂಥವರು ಸೆಟಪ್ ಶುರುವಿನಲ್ಲೇ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡಬೇಕು. ಫೈಲುಗಳನ್ನು ಬಿಚ್ಚಿ, ಟಿಎಕ್ಸ್‌ಟಿಸೆಟಪ್ ಡಾಟ್ ಒಇಎಂ ಎಂಬುದು ಫ್ಲಾಪಿಯ ಯಾವ ಫೋಲ್ಡರ್ ಒಳಗೂ ಇರದಂತೆ ಮೇಲೇ ಇಡಿ. ಫ್ಲಾಪಿ ಇಲ್ಲದಿದ್ದರೆ ಎನ್‌ಲೈಟ್ ಎಂಬ ತಂತ್ರಾಂಶ ಬಳಸಿ ಡ್ರೈವರನ್ನು ಸಿಡಿಯೊಳಗೇ ಸೇರಿಸಬಹುದು. ಅಲ್ಲಿ 'ಟೆಕ್ಸ್ಟ್‌ಮೋಡ್ ಡ್ರೈವರ್' ಎಂದೇ ಆರಿಸಿ. ಹಳೇ ಡಿಸ್ಕ್‌ಗೆ ಎಎಚ್‌ಸಿಐಯಿಂದ ಸಿಗುವ ಲಾಭ ಅಲ್ಪ. ಎಕ್ಸ್‌ಪಿಗೆ ಐಡಿಇ ಮೋಡೇ ಸಾಕು ಎನ್ನುವುದು ನಮ್ಮ ಸಲಹೆ.

ಪ್ರಶ್ನೆ: ಡಿವೈಸ್ ಮ್ಯಾನೇಜರ್‌ನಲ್ಲಿ 'ರೇಡ್ ಕಂಟ್ರೋಲರ್' (ಹಲವು ಡಿಸ್ಕ್‌ಗಳನ್ನು ಒಟ್ಟಾಗಿ ನಡೆಸುವ ಚಿಪ್) ಮೇಲೆ ಹಳದಿ ಗುರುತು. ಮದರ್‌ಬೋರ್ಡ್ ಸಿಡಿ ಕಳೆದಿದೆ. ಯಾವ ಡ್ರೈವರ್ ಹುಡುಕಲಿ?

ಉತ್ತರ: ಪ್ರಾಪರ್ಟೀಸ್‌ನ 'ಡೀಟೇಲ್ಸ್' ಟ್ಯಾಬ್‌ನಲ್ಲಿ 'ಹಾರ್ಡ್‌ವೇರ್ ಐಡಿ' ಆರಿಸಿ. 'ವೆನ್' ನಂತರದ ನಾಲ್ಕಂಕಿ ತಯಾರಕರದು: 8086 ಇಂಟೆಲ್, 1106 ವಿಯಾ, 1039 ಸಿಸ್, 1095 ಸಿಲಿಕಾನ್ ಇಮೇಜ್. 'ಡೆವ್' ನಂತರದ್ದು ಚಿಪ್‌ನದು. ಸಿಕ್ಕ ಡ್ರೈವರ್‌ನ ಐಎನ್‌ಎಫ್ ಫೈಲನ್ನು (ಯಾವ ಚಿಪ್‌ಗಳಿಗೆ ಎಂದು ಹೇಳುವ ಪಠ್ಯ ಫೈಲು) ನೋಟ್‌ಪ್ಯಾಡ್‌ನಲ್ಲಿ ತೆರೆದು ಈ ಎರಡೂ ಸಂಖ್ಯೆ ಅದರಲ್ಲಿವೆಯೇ ಎಂದು ಹುಡುಕಿ. ಇಲ್ಲವಾದರೆ ಅದು ನಿಮ್ಮದಲ್ಲ. ಆ ಚಿಪ್‌ಗೆ ಯಾವ ಡಿಸ್ಕೂ ಜೋಡಿಸಿಲ್ಲವಾದರೆ ಬಯೋಸ್‌ನಲ್ಲೇ ಅದನ್ನು 'ಡಿಸೇಬಲ್' ಮಾಡಿಬಿಡಿ.

ಪ್ರಶ್ನೆ: ಹೊಸ ಸಾಟಾ ಡಿಸ್ಕ್ ಹಳೇ ವಿಯಾ ಚಿಪ್‌ಸೆಟ್ ಬೋರ್ಡ್‌ನ ಬಯೋಸ್‌ಗೂ ಕಾಣುವುದಿಲ್ಲ. ಡ್ರೈವರ್ ಬೇಕೇ?

ಉತ್ತರ: ಬಯೋಸ್‌ಗೇ ಕಾಣದಿದ್ದಾಗ ವಿಂಡೋಸ್ ಡ್ರೈವರ್ ಏನೂ ಮಾಡಲಾರದು. ವಿಟಿ8237, ವಿಟಿ8237ಆರ್ ಚಿಪ್‌ಗಳಿಗೆ ಸೆಕೆಂಡಿಗೆ 3 ಗಿಗಾಬಿಟ್ ವೇಗದ ಡಿಸ್ಕ್ ಜೊತೆ ವೇಗ ಹೊಂದಿಸಿಕೊಳ್ಳಲು ಬರುವುದಿಲ್ಲ. ಡಿಸ್ಕ್ ಹಿಂಬದಿಯಲ್ಲಿ, ಸಾಟಾ ಕೇಬಲ್ ಪಕ್ಕ, ಜಂಪರ್ ಪಿನ್‌ಗಳಿದ್ದರೆ ಲೇಬಲ್‌ನಲ್ಲಿ ತೋರಿಸಿದ ಜೋಡಿಗೆ ಜಂಪರ್ (ಎರಡು ಪಿನ್ ಕೂಡಿಸುವ ಪುಟ್ಟ ಟೊಪ್ಪಿ) ಹಾಕಿ 1.5 ಗಿಗಾಬಿಟ್‌ಗೆ ಇಳಿಸಿ. ಪಿನ್ ಜೋಡಿ ತಯಾರಕರಿಂದ ತಯಾರಕರಿಗೆ ಬೇರೆ, ಆದ್ದರಿಂದ ಅಂದಾಜಿನ ಮೇಲೆ ಹಾಕಬೇಡಿ.